‘ಸರ್ವರ್ ಬ್ಯುಸಿ’ ಅಂದ್ರೆ ಒಳಗೆ ನಡೀತಿರೋದೇನು? ಹೊಸ ಕಂಪ್ಯೂಟರ್ ತರೋ ಮುಂಚೆ ಅಂಗಡಿಯವರು ನೋಡಬೇಕಾದ್ದು

ಮೈಸೂರು: ‘ಸರ್ವರ್ ಇಲ್ಲ ಸಾರ್, ಮಧ್ಯಾಹ್ನದ ಮೇಲೆ ಬನ್ನಿ.’ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಈ ಮಾತು ಕೇಳಿ ವಾಪಸ್ ಬಂದವರು ತಾಲ್ಲೂಕಿನಲ್ಲಿ ಬೇಕಾದಷ್ಟಿದ್ದಾರೆ. ಸಂತೇಪೇಟೆ, ಶಿವರಾಂಪೇಟೆ ಕಡೆಯ ಅಂಗಡಿಗಳಲ್ಲೂ ಸಂಜೆ ವ್ಯಾಪಾರದ ಹೊತ್ತಿಗೆ ಬಿಲ್ಲಿಂಗ್ ಕಂಪ್ಯೂಟರ್ ಹ್ಯಾಂಗ್ ಆದರೆ ಗ್ರಾಹಕರಿಗೆ ಹೇಳೋದು ಇದನ್ನೇ. ಆದರೆ ಎಷ್ಟೋ ಸಲ ಸರ್ವರ್ ಇಲ್ಲದೆ ಹೋಗಿರುವುದಿಲ್ಲ. ಇದೆ, ಓಡ್ತಾನೂ ಇದೆ. ಹೊರಲಾರದಷ್ಟು ಕೆಲಸ ಹೊತ್ತು ಏದುಸಿರು ಬಿಡ್ತಿದೆ, ಅಷ್ಟೆ.

ಅಂಗಡಿಯ ಬಿಲ್, ಸ್ಟಾಕ್, ಉದ್ರಿ ಲೆಕ್ಕ ಎಲ್ಲ ಕೂತಿರುವ ಜಾಗ ಡೇಟಾಬೇಸ್. ಕೌಂಟರಿನಲ್ಲಿ ಬಾರ್‌ಕೋಡ್ ಹೊಡೆದ ತಕ್ಷಣ ‘ಈ ಸಾಮಾನಿನ ಬೆಲೆ ಎಷ್ಟು’ ಅಂತ ಅದಕ್ಕೊಂದು ಪ್ರಶ್ನೆ ಹೋಗುತ್ತದೆ. ಸಾಫ್ಟ್‌ವೇರ್‌ನವರು ಅದನ್ನು ಕ್ವೆರಿ ಅಂತಾರೆ. ಉತ್ತರ ಹುಡುಕಿ ತರುವ ಗುಮಾಸ್ತ ಪ್ರೊಸೆಸರ್. ಗುಮಾಸ್ತನಿಗೆ ಉಸಿರಾಡಲೂ ಪುರುಸೊತ್ತಿಲ್ಲದಿದ್ದಾಗ ಪರದೆ ಮೇಲೆ ‘100%’ ಕಾಣುತ್ತದೆ. ಇದು ಜ್ವರ ಇದ್ದ ಹಾಗೆ. ಜ್ವರ ಬಂದಿದೆ ಅಂದ ಮಾತ್ರಕ್ಕೆ ಕಾಯಿಲೆ ಯಾವುದು ಅಂತ ಗೊತ್ತಾಗಲ್ಲ.

ಕಾವೇರಿ 2.0 ಕಥೆ

ರಾಜ್ಯದವರೆಲ್ಲ ಕಣ್ಣಾರೆ ಕಂಡ ಉದಾಹರಣೆ ಕಾವೇರಿ 2.0. ಆಸ್ತಿ ನೋಂದಣಿಗೆಂದು 2023ರಲ್ಲಿ ಬಂದ ಈ ತಂತ್ರಾಂಶ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಪದೇಪದೇ ಮುಗ್ಗರಿಸಿತು. ಮೊದಮೊದಲು ಎಲ್ಲರೂ ಅಂದುಕೊಂಡದ್ದು ‘ಮಾಮೂಲಿ ಸರ್ವರ್ ಪ್ರಾಬ್ಲಂ’ ಅಂತಲೇ. ಪರಿಶೀಲಿಸಿದಾಗ ಬೇರೆಯದೇ ಸಂಗತಿ ಸಿಕ್ಕಿತು. ನಕಲಿ ಖಾತೆಗಳ ಮೂಲಕ ಯಂತ್ರಗಳು ಋಣಭಾರ ಪ್ರಮಾಣಪತ್ರದ, ಅಂದರೆ ಇಸಿಯ ಹುಡುಕಾಟವನ್ನು ಒಂದರ ಹಿಂದೆ ಒಂದು ಕಳಿಸುತ್ತಿದ್ದವು. 62 ಖಾತೆ, 14 ಐಪಿ ವಿಳಾಸ, 2 ಗಂಟೆಯಲ್ಲಿ 6.2 ಲಕ್ಷ ಕೋರಿಕೆ ಎಂದು ಆಗ ವರದಿಯಾಗಿತ್ತು. ಇದನ್ನು ಡಿಡಾಸ್ ದಾಳಿ ಎಂದು ಗುರುತಿಸಲಾಯಿತು, ಪೊಲೀಸರಿಗೆ ದೂರೂ ಹೋಯಿತು.

ಹುಡುಕಾಟದ ಹೊರೆಗೆ ನೋಂದಣಿ ಯಾಕೆ ನಿಲ್ಲಬೇಕು? ಎರಡಕ್ಕೂ ಉತ್ತರ ಕೊಡುವ ಗುಮಾಸ್ತ ಒಬ್ಬನೇ ಆದರೆ ಹೀಗೇ ಆಗುತ್ತದೆ. ಅವನು ಸುಳ್ಳು ಪ್ರಶ್ನೆಗಳಿಗೆ ಪುಟ ತಿರುವುತ್ತಾ ಕೂತರೆ, ಮಗಳ ಮದುವೆಗೆ ಸೈಟು ಮಾರಲು ಟೋಕನ್ ಹಿಡಿದು ಬಂದವರ ಸರದಿ ಬರುವುದೇ ಇಲ್ಲ. ಇಂಥ ಸಂದರ್ಭದಲ್ಲಿ ದೊಡ್ಡ ಯಂತ್ರ ತಂದಿಟ್ಟರೆ ಅದೂ ಸ್ವಲ್ಪ ಹೊತ್ತಿಗೆ ತುಂಬಿಕೊಳ್ಳುತ್ತದೆ. ಪ್ರಶ್ನೆ ಯಾರು ಕೇಳ್ತಿದ್ದಾರೆ, ಯಾವ ಪ್ರಶ್ನೆ ಕೇಳ್ತಿದ್ದಾರೆ ಅನ್ನೋದನ್ನ ಮೊದಲು ನೋಡಬೇಕು. ಅಂಗಡಿಯ ಕಂಪ್ಯೂಟರಿಗೂ ಇದೇ ಲೆಕ್ಕ.

ಆಫ್ ಮಾಡಿ ಆನ್ ಮಾಡಬೇಡಿ

ಹ್ಯಾಂಗ್ ಆದ ಕೂಡಲೇ ಎಲ್ಲರ ಕೈ ಹೋಗೋದು ಪವರ್ ಬಟನ್ ಕಡೆಗೆ. ಆನ್ ಆದ ಮೇಲೆ ಅರ್ಧ ಗಂಟೆ ಚೆನ್ನಾಗೇ ಓಡುತ್ತದೆ, ನಿಜ. ಆದರೆ ಕಳ್ಳನ ಹೆಜ್ಜೆಗುರುತು ಅಳಿಸಿಹೋಗಿರುತ್ತದೆ. ಅದಕ್ಕೆ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು ಕಾಲಂನಲ್ಲಿ ಎಲ್ಲಕ್ಕಿಂತ ಮೇಲಿರುವ ಹೆಸರು ಯಾವುದು ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗಂಟೆ ಎಷ್ಟಾಗಿತ್ತು ಅಂತಲೂ ಬರೆದಿಡಿ.

ಮೇಲಿರುವುದು ಆ್ಯಂಟಿವೈರಸ್ ಆಗಿದ್ದರೆ ಡೇಟಾಬೇಸನ್ನು ಬೈದು ಪ್ರಯೋಜನವಿಲ್ಲ. ಸ್ಕ್ಯಾನ್ ಸಮಯವನ್ನು ಶಟರ್ ಎಳೆದ ಮೇಲಕ್ಕೆ ಹಾಕಿಸಿದರೆ ಮುಗೀತು. ಸಿಪಿಯು ಕಡಿಮೆಯಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಡಬೇಕು. ಅಲ್ಲಿ ಎಸ್‌ಎಸ್‌ಡಿ ಹಾಕಿಸುವುದು ಉಪಯೋಗಕ್ಕೆ ಬರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಅಥವಾ ಮೈಎಸ್‌ಕ್ಯೂಎಲ್ ಹೆಸರೇ ಮೇಲಿದ್ದರೆ ಮಾತ್ರ ಮುಂದಿನ ವಿಚಾರಣೆ.

ಪುಸ್ತಕವಿಡೀ ಓದುವ ಗುಮಾಸ್ತ

ಇನ್ನು ಸಾಫ್ಟ್‌ವೇರ್ ಹುಡುಗನ ಕೆಲಸ. ಆ ಕ್ಷಣದಲ್ಲಿ ಯಾವ ಕ್ವೆರಿಗಳು ಓಡ್ತಿವೆ ಅನ್ನೋ ಪಟ್ಟಿ ಡೇಟಾಬೇಸ್ ಒಳಗೇ ಸಿಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಶೋ ಫುಲ್ ಪ್ರೊಸೆಸ್‌ಲಿಸ್ಟ್’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಆ್ಯಕ್ಟಿವಿಟಿ ಮಾನಿಟರ್’. ಸಾಮಾನ್ಯವಾಗಿ ನೂರೆಂಟು ಕ್ವೆರಿಗಳ ತಪ್ಪಿರುವುದಿಲ್ಲ, ಒಂದೋ ಎರಡೋ ಸೇರಿಕೊಂಡು ಇಡೀ ಯಂತ್ರವನ್ನು ತಿನ್ನುತ್ತಿರುತ್ತವೆ.

ಅವು ಯಾಕೆ ತಿನ್ನುತ್ತವೆ? ಹೆಚ್ಚಿನ ಪಾಲು ಇಂಡೆಕ್ಸ್ ಇಲ್ಲದ್ದಕ್ಕೆ. ಹಳೇ ಕಾಲದ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಹೆಸರುಗಳನ್ನು ಅಕಾರಾದಿಯಾಗಿ ಬರೆದಿದ್ದರೆ ‘ಬಸವರಾಜು’ ಬೇಕಾದಾಗ ನೇರ ‘ಬ’ ಪುಟಕ್ಕೆ ಹೋಗಬಹುದು. ಬಂದವರ ಹೆಸರು ಬಂದ ಹಾಗೆ ಬರೆದಿದ್ದರೆ ಮೊದಲ ಪುಟದಿಂದ ಕಡೇ ಪುಟದವರೆಗೆ ಬೆರಳಿಡಬೇಕು. 3 ಲಕ್ಷ ಬಿಲ್ ಇರುವ ಅಂಗಡಿ ಅಂದುಕೊಳ್ಳಿ. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಅರ್ಧ ಅರ್ಧ ಮಾಡುತ್ತಾ ಹೋದರೆ 19 ಸಲ ನೋಡಿದರೆ ಸಾಕು. ಜೋಡಿಸದಿದ್ದರೆ 3 ಲಕ್ಷ ಸಾಲು ಓದಬೇಕು. ಐದು ಕೌಂಟರ್ ಒಟ್ಟಿಗೆ ಕೇಳಿದರೆ 15 ಲಕ್ಷ. ಅಂಗಡಿ ಶುರುವಾದ ಮೊದಲ ವರ್ಷ ಬಿಲ್ ಕಡಿಮೆ ಇದ್ದದ್ದರಿಂದ ಇದು ಯಾರ ಗಮನಕ್ಕೂ ಬಂದಿರುವುದಿಲ್ಲ. ‘ಮೊದಲು ಚೆನ್ನಾಗಿತ್ತು, ಬರ್ತಾ ಬರ್ತಾ ಸ್ಲೋ ಆಯ್ತು’ ಅನ್ನೋ ದೂರಿನ ಹಿಂದೆ ಬಹಳ ಸಲ ಇರೋದು ಇದೇ. ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಅಂತ ಸೇರಿಸಿದರೆ ಗುಮಾಸ್ತ ಎಷ್ಟು ಸಾಲು ಓದಬೇಕಾಗುತ್ತದೆ ಅನ್ನೋ ಅಂದಾಜನ್ನು ಮೈಎಸ್‌ಕ್ಯೂಎಲ್ ತಾನೇ ಹೇಳುತ್ತದೆ.

ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದ ಸಂದರ್ಭವೂ ಇದೆ, ನಮ್ಮ ಕಡೆಗೆ ಇದು ಚೆನ್ನಾಗಿ ಹೊಂದುತ್ತದೆ. ‘ಕ’ದಿಂದ ಶುರುವಾಗುವ ಹೆಸರು ಹುಡುಕೋದು ಸಲೀಸು. ಹೆಸರಿನ ಕೊನೆಯಲ್ಲಿ ‘ಗೌಡ’ ಇರೋರನ್ನೆಲ್ಲ ತೋರಿಸು ಅಂದರೆ ಅಕಾರಾದಿ ಪಟ್ಟಿ ಇದ್ದರೂ ಇಡೀ ಪುಸ್ತಕ ಓದಲೇಬೇಕು. ಹೆಸರಿನ ಯಾವ ಭಾಗ ಟೈಪ್ ಮಾಡಿದರೂ ಹುಡುಕುವ ಪೆಟ್ಟಿಗೆ ನಿಮ್ಮ ಬಿಲ್ಲಿಂಗ್ ಪರದೆಯಲ್ಲಿದ್ದರೆ, ಒಂದೊಂದು ಅಕ್ಷರ ಒತ್ತಿದಾಗಲೂ ಒಂದೊಂದು ಸಲ ಪುಸ್ತಕ ಓದಿಸುತ್ತಿರಬಹುದು. ಫೋನ್ ನಂಬರಿನಿಂದ ಹುಡುಕುವ ಅಭ್ಯಾಸ ಮಾಡಿಕೊಂಡರೆ ಖರ್ಚಿಲ್ಲದೆ ಅರ್ಧ ಹೊರೆ ಇಳಿದೀತು.

ಹೊತ್ತು ನೋಡಿ ಕಾರಣ ಹಿಡಿಯಬಹುದು. ಪ್ರತಿ ತಿಂಗಳು 10, 11ನೇ ತಾರೀಖಿಗೆ ಮಾತ್ರ ನರಳುತ್ತದೆಯೇ? ಜಿಎಸ್‌ಟಿಆರ್-1 ಸಲ್ಲಿಸುವ ಕಡೇ ದಿನ 11. ಆಡಿಟರ್ ಕಡೆಯವರು ತಿಂಗಳ ರಿಪೋರ್ಟ್ ತೆಗೆಯುತ್ತಿರಬಹುದು. ದಿನಾ ಒಂದೇ ಗಂಟೆಗೆ ಆದರೆ ಬ್ಯಾಕಪ್ ವೇಳೆ ನೋಡಿ. ಅಂಗಡಿ ಮುಚ್ಚಿ ಯಾರೂ ಇಲ್ಲದ ರಾತ್ರಿಯಲ್ಲೂ ಪ್ರೊಸೆಸರ್ 100ರಲ್ಲೇ ಇದ್ದು ಗುರುತಿಲ್ಲದ ಹೆಸರು ಕಂಡರೆ ಮಾತ್ರ ತಡ ಮಾಡಬೇಡಿ. ಇಂಟರ್‌ನೆಟ್‌ಗೆ ತೆರೆದಿಟ್ಟ, ಸುಲಭದ ಪಾಸ್‌ವರ್ಡ್ ಇರುವ ಎಸ್‌ಕ್ಯೂಎಲ್ ಸರ್ವರ್‌ಗಳಿಗೆ ನುಗ್ಗಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಪ್ರೋಗ್ರಾಂ ಕೂರಿಸುವವರಿದ್ದಾರೆ. ಕರೆಂಟ್ ಬಿಲ್ ನಿಮ್ಮದು, ದುಡ್ಡು ಅವರದ್ದು.

16 ಕೋರ್ ತಂದರೂ ದುಡಿಯೋದು ನಾಲ್ಕೇ

ಕಡೆಗೂ ಹೊಸ ಯಂತ್ರವೇ ಬೇಕು ಅನ್ನಿಸಿದರೆ ಒಂದು ಪ್ರಶ್ನೆ ಕೇಳಲೇಬೇಕು. ನಿಮ್ಮ ಬಿಲ್ಲಿಂಗ್ ಓಡುತ್ತಿರುವುದು ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯ ಮೇಲಾ? ಹೌದಾದರೆ ಅದು ಗರಿಷ್ಠ 4 ಕೋರ್ ಮಾತ್ರ ಬಳಸುತ್ತದೆ. ಡೇಟಾ ಇಟ್ಟುಕೊಳ್ಳಲು ಬಳಸುವ ಮೆಮೊರಿ ಸುಮಾರು 1.4 ಜಿಬಿ. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ. 16 ಕೋರ್, 64 ಜಿಬಿ ಯಂತ್ರಕ್ಕೆ ಲಕ್ಷ ಸುರಿದರೂ ಮಿಕ್ಕ ಕೋರ್‌ಗಳು ಡೇಟಾಬೇಸಿನ ಕೆಲಸಕ್ಕೆ ಕೈಹಾಕುವುದಿಲ್ಲ. ಇದನ್ನು ಮಾರುವವರು ತಾವಾಗಿ ಹೇಳೋದು ಅಪರೂಪ.

ಹಾಗಂತ ಸಿಕ್ಕಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಹಾಕಿಸಬೇಡಿ. ಹೊಸ ಬಿಲ್ ಬರೆದಾಗಲೆಲ್ಲ ಅಷ್ಟೂ ಪಟ್ಟಿಗಳನ್ನು ತಿದ್ದಬೇಕಾಗಿ ಬಿಲ್ ಹಾಕುವುದೇ ನಿಧಾನವಾಗುತ್ತದೆ. ದೊಡ್ಡ ಡೇಟಾಬೇಸಿನಲ್ಲಿ ಇಂಡೆಕ್ಸ್ ಕಟ್ಟುವಾಗ ಕೌಂಟರ್ ಕೆಲಹೊತ್ತು ನಿಂತುಹೋಗಬಹುದು. ಆದ್ದರಿಂದ ರಾತ್ರಿ ಲೆಕ್ಕ ಮುಗಿಸಿ, ಬ್ಯಾಕಪ್ ತೆಗೆದು, ಅದನ್ನು ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ ಆಮೇಲೆ ಕೈಹಾಕಿಸಿ. ದಸರಾ ವ್ಯಾಪಾರ, ಅದರಲ್ಲೂ ಆಯುಧಪೂಜೆ ಹಿಂದಿನ ವಾರದಲ್ಲಂತೂ ಈ ಕೆಲಸ ಬೇಡವೇ ಬೇಡ.