ಎಲುಬಿನ ಪೊರೆಯೂ ಮೂರು ಪರಮಾಣುಗಳೂ

ಹೆಬ್ಬಾಳದಿಂದ ಯಲಹಂಕವನ್ನು ಹಾದು ಬಡಗಣಕ್ಕೆ ಸಾಗುವ ರಸ್ತೆಯು ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಸೀಮೆಯನ್ನು ಮುಟ್ಟುತ್ತದೆ. ಅಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲೂ ಎಲುಬೂ ಕೆಡುವುದನ್ನು ವಾಚಕರು ಕೇಳಿರಬಹುದು. ಇದೇ ಫ್ಲೋರೈಡು ಔಷಧದ ಮೂಲಕವೂ ಎಲುಬನ್ನು ಸೇರಬಲ್ಲದು. ಅದೂ ಬೇರೊಬ್ಬರ ಅಂಗವನ್ನು ಪಡೆದು ಬದುಕಿ ಉಳಿದವರಲ್ಲಿ.

ಮೂತ್ರಪಿಂಡವನ್ನೋ ಶ್ವಾಸಕೋಶವನ್ನೋ ಕಸಿಮಾಡಿದಾಗ ದೇಹದ ರಕ್ಷಣಾ ವ್ಯವಸ್ಥೆಯು ಅದನ್ನು ಪರಕೀಯವೆಂದೆಣಿಸಿ ಮೇಲೆಬೀಳುತ್ತದೆ. ಅದನ್ನು ಅಡಗಿಸಲು ಟ್ಯಾಕ್ರೊಲಿಮಸ್‌ನಂಥ ಔಷಧವನ್ನು ಸೇವಿಸುತ್ತಲೇ ಇರಬೇಕು. ಆದರೆ ಕಾವಲುಗಾರ ಮಲಗಿದರೆ ಕಳ್ಳನಿಗೆ ಹಬ್ಬ. ಗಾಳಿಯಲ್ಲಿ ತೇಲಿಬರುವ ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸಕೋಶದಲ್ಲಿ ಬೇರೂರುತ್ತದೆ. ಇದಕ್ಕೆ ಮದ್ದು ವೊರಿಕೊನಜೋಲ್. ಅನೇಕರ ಪ್ರಾಣ ಉಳಿಸಿರುವ ಔಷಧ.

ಇದರ ಅಣುವೊಂದರಲ್ಲಿ ಮೂರು ಫ್ಲೋರಿನ್ ಪರಮಾಣುಗಳಿವೆ. ಅಣುತೂಕ 349, ಅದರಲ್ಲಿ ಫ್ಲೋರಿನ್ನಿನ ಪಾಲು 57. ದಿನಕ್ಕೆ 400 ಮಿಲಿಗ್ರಾಂ ಸೇವಿಸಿದರೆ ಒಳಹೋಗುವ ಫ್ಲೋರಿನ್ ಸುಮಾರು 65 ಮಿಲಿಗ್ರಾಂ ಎಂದು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಬಹುಪಾಲು ಅಣುವಿಗೇ ಅಂಟಿಕೊಂಡಿರುತ್ತದೆ. ಅಲ್ಪಭಾಗ ಮಾತ್ರ ಫ್ಲೋರೈಡಾಗಿ ಬಿಡುಗಡೆ ಹೊಂದುತ್ತದೆ. ಆದರೆ ತಿಂಗಳುಗಟ್ಟಲೆ ಸೇವಿಸಿದಾಗ, ಮೂತ್ರಪಿಂಡ ದುರ್ಬಲವಾಗಿದ್ದರಂತೂ, ಆ ಅಲ್ಪವೇ ಸಾಕಷ್ಟಾಗುತ್ತದೆ.

ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಸ್ವಾರಸ್ಯವೆನಿಸಿದ್ದು ಮುಂದಿನ ಸಂಗತಿ. ಎಲುಬಿನ ಖನಿಜಸ್ಫಟಿಕದಲ್ಲಿರುವ ಹೈಡ್ರಾಕ್ಸಿಲ್ ಅಯಾನಿಗೂ ಫ್ಲೋರೈಡ್ ಅಯಾನಿಗೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ, ವಿದ್ಯುದಂಶವೂ ಒಂದೇ. ಒಂದರ ಜಾಗದಲ್ಲಿ ಮತ್ತೊಂದು ಸಲೀಸಾಗಿ ಕುಳಿತುಬಿಡುತ್ತದೆ. ಜೊತೆಗೆ ಎಲುಬು ಕಟ್ಟುವ ಜೀವಕೋಶಗಳೂ ಕೆರಳುತ್ತವೆ. ಎಲುಬನ್ನು ಹೊದ್ದಿರುವ ತೆಳುಪೊರೆಯಲ್ಲಿ ನರತಂತುಗಳು ದಟ್ಟವಾಗಿವೆ. ಆ ಪೊರೆಗೆ ಉರಿಯೂತವುಂಟಾಗಿ, ಅದರಡಿಯಲ್ಲಿ ಹೊಸ ಎಲುಬು ಗಂಟುಗಂಟಾಗಿ ಬೆಳೆದರೆ ನೋವು ಹೇಳತೀರದು. ಕ್ಷಕಿರಣ ಚಿತ್ರದಲ್ಲಿ ಪಕ್ಕೆಲುಬು, ಕೊರಳೆಲುಬು, ಕೈಬೆರಳುಗಳ ಅಂಚುಗಳು ಒರಟಾಗಿ ಕಾಣುತ್ತವೆ. ಕಾರಣವರಿಯದಿದ್ದರೆ ಕ್ಯಾನ್ಸರೇ ಹಬ್ಬಿತೆಂದು ಶಂಕಿಸಲೂಬಹುದು.

ಶ್ವಾಸಕೋಶ ಕಸಿಯಾದ ರೋಗಿಗಳಲ್ಲಿ ಈ ಬೇನೆಯು 2009ರಲ್ಲಿ ವರದಿಯಾಯಿತು. 2011ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ರಕ್ತದ ಫ್ಲೋರೈಡನ್ನು ಅಳೆದು ನಂಟನ್ನು ತೋರಿಸಿಕೊಟ್ಟರು.

ಪರಿಹಾರವೇನೋ ಸರಳ: ವೊರಿಕೊನಜೋಲನ್ನು ನಿಲ್ಲಿಸಿ ಬೂಷ್ಟಿಗೆ ಬೇರೆ ಮದ್ದು ಕೊಟ್ಟರೆ ನೋವು ಇಳಿಯುತ್ತದೆ. ತೊಡಕು ಬೇರೆಡೆ ಇದೆ. ಟ್ಯಾಕ್ರೊಲಿಮಸನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಈ ಔಷಧವು ತಡೆಹಿಡಿದಿರುತ್ತದೆ. ಆದ್ದರಿಂದಲೇ ವೈದ್ಯರು ಟ್ಯಾಕ್ರೊಲಿಮಸಿನ ಪ್ರಮಾಣವನ್ನು ಮೊದಲೇ ಮೂರನೆಯ ಒಂದಂಶಕ್ಕೆ ಇಳಿಸಿರುತ್ತಾರೆ. ತಡೆ ತೆಗೆದೊಡನೆ ಕಿಣ್ವ ಮತ್ತೆ ಚುರುಕಾಗಿ, ರಕ್ತದಲ್ಲಿ ಟ್ಯಾಕ್ರೊಲಿಮಸ್ ಕುಸಿಯುತ್ತದೆ. ನೋವು ತಾಳಲಾರದೆ ರೋಗಿಯೇ ಮಾತ್ರೆ ಬಿಟ್ಟರೆ, ಎಲುಬು ಸುಧಾರಿಸುವಷ್ಟರಲ್ಲಿ ಕಸಿಯಾದ ಅಂಗವನ್ನೇ ದೇಹವು ತಿರಸ್ಕರಿಸಬಹುದು. ಮದ್ದು ಬದಲಾಯಿಸುವ ದಿನಗಳಲ್ಲಿ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುವುದು ಈ ಕಾರಣದಿಂದ.