ವಿದ್ಯುತ್ ಗಿಟಾರಿನ ಪಿಕ್‌ಅಪ್: ತುಂಬುನಾದಕ್ಕೆ ತಕ್ಕ ಆಯ್ಕೆ

ವೀಣೆಯ ತಂತಿಯನ್ನು ಮೀಟಿದರೆ ಅದರ ಕಂಪನವು ಕುದುರೆಯ ಮೂಲಕ ಕೊಡಕ್ಕೆ ಇಳಿಯುತ್ತದೆ. ಕೊಡವು ಕಂಪಿಸಿ ಸುತ್ತಲಿನ ಗಾಳಿಯನ್ನು ಕದಲಿಸುವುದರಿಂದ ತಂತಿಯ ಕ್ಷೀಣಸ್ವರವು ಕೋಣೆಯನ್ನು ತುಂಬುವ ನಾದವಾಗುತ್ತದೆ. ಗಟ್ಟಿಮರದಿಂದ ಮಾಡಿದ ವಿದ್ಯುತ್ ಗಿಟಾರಿನಲ್ಲಿ ಇಂತಹ ಕೊಡವಿಲ್ಲ. ಆಂಪ್ಲಿಫೈಯರಿಗೆ ಜೋಡಿಸದೆ ಮೀಟಿದರೆ ಅದರ ಸದ್ದು ಮಗ್ಗುಲಲ್ಲಿ ಕುಳಿತವರಿಗೆ ಮಾತ್ರ ಕೇಳಿಸೀತು. ತಂತಿಗಳ ಕೆಳಗೆ ಕುಳಿತು ಅವುಗಳ ಚಲನೆಯನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕ್‌ಅಪ್ ಎಂಬ ಚಿಕ್ಕ ಸಾಧನವೇ ಈ ವಾದ್ಯದ ಜೀವಾಳ.

ಆದುದರಿಂದಲೇ ಗಿಟಾರಿನ ನಾದವು ತೀಕ್ಷ್ಣವಾಗಿ ಕಿವಿಯನ್ನು ಚುಚ್ಚತೊಡಗಿದಾಗ, ಪಿಕ್‌ಅಪ್ಪನ್ನು ಬದಲಾಯಿಸಬೇಕೆಂಬ ಯೋಚನೆ ವಾದಕನಿಗೆ ಮೊದಲು ಬರುತ್ತದೆ. ಹೊಸ ಪಿಕ್‌ಅಪ್ಪಿನ ಬೆಲೆ ವಿದ್ಯಾರ್ಥಿಯ ಕೈಗೆ ಹಗುರವಾದುದಲ್ಲ. ಹೆಚ್ಚು ಬೆಲೆಯದು ಅಥವಾ ಹೆಚ್ಚು ಓಮ್‌ಗಳದು ಮೃದುವಾದ ತುಂಬುನಾದವನ್ನು ಕೊಡುತ್ತದೆಂದು ನಂಬಿ ಕೊಂಡವರು ನಿರಾಶರಾಗುವುದುಂಟು. ಆಯ್ಕೆಯನ್ನು ಯಾವ ಆಧಾರದ ಮೇಲೆ ಮಾಡಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಪಿಕ್‌ಅಪ್ ಕೆಲಸ ಮಾಡುವ ಬಗೆ

ಬದಲಾಗುತ್ತಿರುವ ಕಾಂತಕ್ಷೇತ್ರದಲ್ಲಿರುವ ತಂತಿಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಪಿಕ್‌ಅಪ್ ಈ ತತ್ತ್ವದ ನೇರವಾದ ಪ್ರಯೋಗ. ಅದರಲ್ಲಿರುವ ಅಯಸ್ಕಾಂತವು ಮೇಲಿನ ಉಕ್ಕಿನ ತಂತಿಯನ್ನೂ ಕಾಂತೀಯವಾಗಿಸುತ್ತದೆ. ತಂತಿ ಕಂಪಿಸಿದಂತೆ ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಹೆಚ್ಚುಕಡಮೆಯಾಗಿ, ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟುತ್ತದೆ. ನೈಲಾನ್ ತಂತಿಗಳನ್ನು ಕಟ್ಟಿದರೆ ಇಂತಹ ಪಿಕ್‌ಅಪ್ ಮೂಕವಾಗುವುದಕ್ಕೆ ಇದೇ ಕಾರಣ. ಅಮೆರಿಕದ ಜಾರ್ಜ್ ಬೋಶಾಂಪ್ 1930ರ ದಶಕದ ಆರಂಭದಲ್ಲಿ ಇದನ್ನು ಗಿಟಾರಿಗೆ ಅಳವಡಿಸಿ 1937ರಲ್ಲಿ ಪೇಟೆಂಟನ್ನು ಪಡೆದನು.

ಸುರುಳಿಯ ತಂತಿ ಎಷ್ಟು ತೆಳುವೆಂದರೆ, ಅದರ ವ್ಯಾಸ ಸುಮಾರು 0.063 ಮಿಲಿಮೀಟರ್, ತಲೆಗೂದಲಿನ ದಪ್ಪಕ್ಕೆ ಸಮೀಪವಾದುದು. 1954ರಲ್ಲಿ ಹೊರಬಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಮಾದರಿಯ ಪಿಕ್‌ಅಪ್ಪಿನಲ್ಲಿ ಇಂತಹ ತಂತಿಯನ್ನು ಸುಮಾರು 8,000 ಸುತ್ತು ಸುತ್ತಿರುತ್ತಾರೆ. ಬಿಡಿಸಿ ಎಳೆದರೆ ಅದರ ಉದ್ದ ಒಂದು ಕಿಲೋಮೀಟರನ್ನು ಮೀರುತ್ತದೆ.

ತುಂಬುನಾದವೆಂದರೇನು?

ಮೀಟಿದ ತಂತಿಯಿಂದ ಒಂದೇ ಸ್ವರ ಹೊರಡುವುದಿಲ್ಲ. ಗಿಟಾರಿನ ಅತಿ ಮಂದ್ರ ತಂತಿಯ ಮೂಲಸ್ವರ ಸೆಕೆಂಡಿಗೆ 82.4 ಕಂಪನಗಳದು. ಅದರೊಡನೆ 165, 247, 330 ಹೀಗೆ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಕಂಪನಗಳ ಉಪಸ್ವರಗಳೂ ಹುಟ್ಟುತ್ತವೆ. ತಂಬೂರಿಯನ್ನು ಕಿವಿಗೊಟ್ಟು ಆಲಿಸಿದವರಿಗೆ ಇವುಗಳ ಪರಿಚಯವುಂಟು. ಮೂಲಸ್ವರವೂ ಅದಕ್ಕೆ ಸಮೀಪದ ಉಪಸ್ವರಗಳೂ ಬಲವಾಗಿದ್ದು, ದೂರದ ತಾರ ಉಪಸ್ವರಗಳು ಹಿಂದೆ ಸರಿದಿದ್ದರೆ ನಾದ ಮೃದುವಾಗಿ ತುಂಬಿದಂತೆ ತೋರುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ 2,000ದಿಂದ 5,000ದವರೆಗಿನ ಕಂಪನಗಳಿಗೆ ಅತ್ಯಂತ ಸೂಕ್ಷ್ಮ. ಆ ಭಾಗ ಮಿತಿಮೀರಿದರೆ ನಾದ ಚುಚ್ಚುತ್ತದೆ. ತೀರ ಕುಗ್ಗಿದರೆ ಮಂಕಾಗುತ್ತದೆ. ಇವೆರಡರ ನಡುವಣ ಹದವೇ ನಮಗೆ ಬೇಕಾದುದು.

ಸ್ಥಾನದ ಮಹಿಮೆ

ತಂತಿಯನ್ನು ಮೀಟಿದ ಎಡೆಯಲ್ಲಿ ಯಾವ ಉಪಸ್ವರದ ನಿಸ್ಪಂದಬಿಂದು ಇರುವುದೋ ಆ ಉಪಸ್ವರ ಹುಟ್ಟದೆಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮ. ವೀಣೆ, ತಂಬೂರಿಗಳ ವಿಶಿಷ್ಟವಾದ ಕುದುರೆಯಿಂದಾಗಿ ಅವುಗಳಲ್ಲಿ ಈ ನಿಯಮ ನಡೆಯದೆಂದು ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿಕೊಟ್ಟರು. ಗಿಟಾರಿನ ಪಿಕ್‌ಅಪ್ಪಿಗೆ ಇದೇ ಬಗೆಯ ಮಾತು ಅನ್ವಯಿಸುತ್ತದೆ: ತಾನಿರುವ ಎಡೆಯಲ್ಲಿ ತಂತಿ ಅಲುಗದಿದ್ದರೆ ಅದಕ್ಕೆ ಏನೂ ಕೇಳಿಸದು.

ಸ್ಟ್ರಾಟೊಕ್ಯಾಸ್ಟರಿನ ತಂತಿಯ ಉದ್ದ 648 ಮಿಲಿಮೀಟರ್. ದಂಡಿಯ ಬಳಿಯ ಪಿಕ್‌ಅಪ್ ಕುದುರೆಯಿಂದ ಈ ಉದ್ದದ ಕಾಲುಭಾಗದಷ್ಟು, ಎಂದರೆ ಸುಮಾರು 162 ಮಿಲಿಮೀಟರ್ ದೂರದಲ್ಲಿದೆ. ಅಲ್ಲಿ ಮೂಲಸ್ವರದ ಚಲನೆ ಅದರ ಗರಿಷ್ಠದ ನೂರಕ್ಕೆ 71ರಷ್ಟಿರುತ್ತದೆ. ಬಿಡಿತಂತಿಯ ನಾಲ್ಮಡಿ ಮತ್ತು ಎಂಟುಮಡಿ ಉಪಸ್ವರಗಳಿಗೆ ಆ ಎಡೆ ನಿಸ್ಪಂದಬಿಂದು. ಕುದುರೆಯ ಬಳಿಯ ಪಿಕ್‌ಅಪ್ಪಾದರೋ ಸುಮಾರು 40 ಮಿಲಿಮೀಟರ್ ದೂರದಲ್ಲಿ, ಎಂದರೆ ಹದಿನಾರನೆಯ ಒಂದು ಭಾಗದಲ್ಲಿದೆ. ಅಲ್ಲಿ ಮೂಲಸ್ವರದ ಚಲನೆ ಗರಿಷ್ಠದ ನೂರಕ್ಕೆ 20ನ್ನೂ ಮುಟ್ಟದು; ಎಂಟುಮಡಿ ಉಪಸ್ವರವೋ ತನ್ನ ಪೂರ್ಣ ಬಲದಲ್ಲಿ ಕುಣಿಯುತ್ತಿರುತ್ತದೆ. ಒಂದೇ ಬಗೆಯ ಎರಡು ಪಿಕ್‌ಅಪ್ಪುಗಳಲ್ಲಿ ಒಂದು ತುಂಬಿಯೂ ಇನ್ನೊಂದು ತೀಕ್ಷ್ಣವಾಗಿಯೂ ಕೇಳಿಸುವುದು ಇದರಿಂದಲೇ. ಕುದುರೆಯ ಬಳಿ ಯಾವ ಪಿಕ್‌ಅಪ್ಪನ್ನು ಕೂರಿಸಿದರೂ ಅದು ದಂಡಿಯ ಬಳಿಯ ನಾದವನ್ನು ಕೊಡಲಾರದು.

ಅನುರಣನದ ಶಿಖರ

ಹಾಗಾದರೆ ಪಿಕ್‌ಅಪ್ಪಿನ ಸ್ವಂತ ಗುಣವೇನು? ಅದರ ಸುರುಳಿಗೆ ಹೆನ್ರಿಗಳಲ್ಲಿ ಅಳೆಯುವ ಪ್ರೇರಕತೆಯಿದೆ. ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿಗೆ ಮೀಟರೊಂದಕ್ಕೆ ಸುಮಾರು 100 ಪಿಕೋಫ್ಯಾರಡ್ ಧಾರಕತೆಯಿದೆ. ಇವೆರಡೂ ಕೂಡಿದಾಗ, ಉಯ್ಯಾಲೆಗೆ ಒಂದು ಸಹಜ ಲಯವಿರುವಂತೆ, ಆ ಮಂಡಲಕ್ಕೊಂದು ಸಹಜ ಆವೃತ್ತಿ ಒದಗುತ್ತದೆ. ಆ ಆವೃತ್ತಿಯ ಬಳಿಯ ಉಪಸ್ವರಗಳು ಎತ್ತಿ ಕೇಳಿಸುತ್ತವೆ. ಅದಕ್ಕಿಂತ ಮೇಲಿನವು ಬೇಗನೆ ಕುಗ್ಗಿಹೋಗುತ್ತವೆ. ಪ್ರೇರಕತೆ ಹಾಗೂ ಧಾರಕತೆಗಳ ಗುಣಲಬ್ಧದ ವರ್ಗಮೂಲ ಹೆಚ್ಚಿದಷ್ಟೂ ಈ ಆವೃತ್ತಿ ಇಳಿಯುತ್ತದೆ.

ಉದಾಹರಣೆಗೆ, 5 ಮೀಟರ್ ಕೇಬಲ್ಲಿನ 500 ಪಿಕೋಫ್ಯಾರಡುಗಳೊಡನೆ ಸುರುಳಿಯದೇ ಆದ 100ನ್ನು ಕೂಡಿಸಿ 600 ಎನ್ನೋಣ. ಪ್ರೇರಕತೆ 2.2 ಹೆನ್ರಿಯಾದರೆ ಶಿಖರವು ಸೆಕೆಂಡಿಗೆ ಸುಮಾರು 4,400 ಕಂಪನಗಳಲ್ಲಿ ಬೀಳುತ್ತದೆ. 4.4 ಹೆನ್ರಿಯಾದರೆ 3,100ಕ್ಕೆ, 8 ಹೆನ್ರಿಯಾದರೆ 2,300ಕ್ಕೆ ಇಳಿಯುತ್ತದೆ. ಮೊದಲನೆಯದು ಥಳಥಳಿಸುವ ನಾದ, ಎರಡನೆಯದು ತುಂಬಿದ ನಾದ, ಮೂರನೆಯದು ದಟ್ಟವಾಗಿ ಕೊಂಚ ಮಬ್ಬಾದ ನಾದ. ಹೀಗೆ ಪಿಕ್‌ಅಪ್ಪನ್ನು ಆರಿಸುವವನು ಮೊದಲು ಕೇಳಬೇಕಾದ ಅಂಕ ಪ್ರೇರಕತೆಯದು.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಹೇಳುವುದು ರೋಧದ ಅಂಕವನ್ನು. ಅದು ತಪ್ಪುದಾರಿಗೆ ಎಳೆಯಬಲ್ಲದು. ಅಷ್ಟೇ ಸುತ್ತುಗಳನ್ನು ಒಂದು ಗೇಜು ತೆಳುವಾದ ತಂತಿಯಿಂದ ಸುತ್ತಿದರೆ ರೋಧ ಕಾಲುಭಾಗದಷ್ಟು ಏರುತ್ತದೆ, ಪ್ರೇರಕತೆ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಅಷ್ಟೇಕೆ, 20 ಡಿಗ್ರಿ ಸೆಲ್ಸಿಯಸಿನಲ್ಲಿ 6,000 ಓಮ್ ತೋರುವ ತಾಮ್ರದ ಸುರುಳಿ 30 ಡಿಗ್ರಿಯಲ್ಲಿ 6,200ನ್ನು ಮೀರುತ್ತದೆ. ಬೇಸಗೆಯಲ್ಲಿ ಓಮ್ ಏರಿತೆಂದು ನಾದ ಮೃದುವಾಗುವುದಿಲ್ಲ. ಒಂದೇ ಮಾದರಿಯ, ಒಂದೇ ತಂತಿಯ ಎರಡು ಪಿಕ್‌ಅಪ್ಪುಗಳನ್ನು ಹೋಲಿಸುವಾಗ ಮಾತ್ರ ಈ ಅಂಕಕ್ಕೆ ಬೆಲೆಯುಂಟು.

ಒಂಟಿ ಸುರುಳಿ, ಜೋಡಿ ಸುರುಳಿ

ಒಂಟಿ ಸುರುಳಿಯ ಪಿಕ್‌ಅಪ್ ತಂತಿಯ ಕಂಪನದೊಡನೆ ಮನೆಯ ವಿದ್ಯುಜ್ಜಾಲದ ಗುಂಯ್ಗುಡುವಿಕೆಯನ್ನೂ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತಗಳದು. ಗಿಬ್ಸನ್ ಕಂಪೆನಿಯ ಸೆತ್ ಲವರ್ ಇದಕ್ಕೊಂದು ಚೆಲುವಾದ ಪರಿಹಾರವನ್ನು ಕಂಡುಕೊಂಡನು. ಎರಡು ಸುರುಳಿಗಳನ್ನು ಅಕ್ಕಪಕ್ಕ ಇರಿಸಿ, ಎರಡನೆಯದರ ವಿದ್ಯುತ್ತಿನ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ತಿರುಗಿಸಿದರೆ, ಹೊರಗಿನ ಗದ್ದಲ ಎರಡರಲ್ಲಿಯೂ ಎದುರುಬದುರಾಗಿ ಹುಟ್ಟಿ ಅಳಿಯುತ್ತದೆ. ತಂತಿಯ ಸ್ವರದಲ್ಲಿ ಎರಡು ತಿರುವುಗಳೂ ಸೇರಿ ಒಂದನ್ನೊಂದು ಸರಿಪಡಿಸುವುದರಿಂದ ಅದು ಕೂಡಿ ಬಲಗೊಳ್ಳುತ್ತದೆ. 1955ರಲ್ಲಿ ಸಲ್ಲಿಸಿದ ಅರ್ಜಿಗೆ 1959ರಲ್ಲಿ ಪೇಟೆಂಟ್ ದೊರೆಯಿತು. ಗದ್ದಲವನ್ನು ಅಡಗಿಸುವುದರಿಂದ ಇದಕ್ಕೆ ಹಂಬಕ್ಕರ್ ಎಂದು ಹೆಸರು.

ತುಂಬುನಾದ ಇದರ ಇನ್ನೊಂದು ಫಲ. ಆ ಕಾಲದ ಹಂಬಕ್ಕರಿನಲ್ಲಿ ಸುರುಳಿಯೊಂದಕ್ಕೆ ಸುಮಾರು 5,000 ಸುತ್ತುಗಳಿದ್ದು, ಒಟ್ಟು ಪ್ರೇರಕತೆ 4 ಹೆನ್ರಿಯನ್ನು ಮೀರುತ್ತಿತ್ತು. ಅಲ್ಲದೆ ಎರಡು ಸುರುಳಿಗಳು ತಂತಿಯ ಎರಡು ಎಡೆಗಳನ್ನು ಏಕಕಾಲದಲ್ಲಿ ಆಲಿಸುವುದರಿಂದ, ಆ ಎಡೆಗಳಲ್ಲಿ ವಿರುದ್ಧ ದಿಕ್ಕಿಗೆ ಚಲಿಸುವ ಕೆಲವು ತಾರ ಉಪಸ್ವರಗಳು ತಾವಾಗಿ ಅಳಿಯುತ್ತವೆ. ಗಿಬ್ಸನ್ನಿನವರೇ 1946ರಲ್ಲಿ ತಂದ ಪಿ–90 ಒಂಟಿ ಸುರುಳಿಯದಾದರೂ ಅಗಲವಾದುದು. ಅದರ ಪ್ರೇರಕತೆ ಸ್ಟ್ರಾಟೊಕ್ಯಾಸ್ಟರಿನದಕ್ಕಿಂತ ಬಹಳ ಹೆಚ್ಚು. ಗದ್ದಲವನ್ನು ಸಹಿಸಬಲ್ಲವರಿಗೆ ಅದೂ ಒಳ್ಳೆಯ ಆಯ್ಕೆಯೇ.

ಅಯಸ್ಕಾಂತದ ಪಾತ್ರವೂ ಉಂಟು. ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ ಅಲ್ನಿಕೋ ಮಿಶ್ರಲೋಹದಲ್ಲಿ 5ನೆಯ ದರ್ಜೆ ಬಲವಾದುದು, 2ನೆಯದು ಸೌಮ್ಯವಾದುದು. ಬಲವಾದ ಕಾಂತಗಳು ತಂತಿಗೆ ತೀರ ಸಮೀಪವಾದರೆ ಅದನ್ನು ಎಳೆದು ಸ್ವರವನ್ನು ಕದಡುತ್ತವೆ. ಸೌಮ್ಯ ಕಾಂತದಲ್ಲಿ ಈ ತೊಡಕು ಕಡಮೆ.

ಕೊಳ್ಳುವ ಮೊದಲು

ಹಣವನ್ನು ಬಿಚ್ಚುವ ಮುನ್ನ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಪಿಕ್‌ಅಪ್ಪನ್ನು ಸ್ಕ್ರೂಗಳಿಂದ ಒಂದೆರಡು ಮಿಲಿಮೀಟರ್ ತಗ್ಗಿಸಿ ಕೇಳಿರಿ. ಟೋನ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿರಿ. ಉದ್ದವಾದ ಕೇಬಲ್ಲನ್ನು ಎರವಲು ತನ್ನಿರಿ: 2.2 ಹೆನ್ರಿಯ ಪಿಕ್‌ಅಪ್ಪಿಗೆ 3 ಮೀಟರಿನ ಬದಲು 6 ಮೀಟರ್ ಕೇಬಲ್ ಜೋಡಿಸಿದರೆ ಶಿಖರವು ಸುಮಾರು 5,400ರಿಂದ 4,100ರ ಬಳಿಗೆ ಇಳಿಯುತ್ತದೆ. ವಾಲ್ಯೂಮ್ ಗುಂಡಿಯ ಕೆಳಗಿನ ರೋಧಕವು 500 ಕಿಲೋಓಮ್‌ನದಾಗಿದ್ದರೆ, 250ರದನ್ನು ಹಾಕಿದ ಮಾತ್ರಕ್ಕೆ ಶಿಖರದ ಮೊನೆ ಮೊಂಡಾಗುತ್ತದೆ. ಇವುಗಳಲ್ಲಿ ಯಾವುದರಿಂದಲಾದರೂ ಬೇಕಾದ ನಾದ ದೊರೆತರೆ ಪಿಕ್‌ಅಪ್ಪಿನ ಖರ್ಚು ಉಳಿಯಿತು. ಸುಧಾರಣೆ ಕಂಡರೂ ಸಾಲದಾದರೆ, ಕೊಳ್ಳಬೇಕಾದ ದಿಕ್ಕು ಗೊತ್ತಾಯಿತು.

ಕೊಳ್ಳುವುದೇ ನಿಶ್ಚಯವಾದರೆ, ಈಗಿರುವುದಕ್ಕಿಂತ ಹೆಚ್ಚು ಪ್ರೇರಕತೆಯ ಪಿಕ್‌ಅಪ್ಪನ್ನು ಆರಿಸಿರಿ. ಆದರೆ ಅತಿಗೆ ಹೋಗಬೇಡಿರಿ. ಸುತ್ತುಗಳನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಪ್ರೇರಕತೆ ನೂರಕ್ಕೆ ಇಪ್ಪತ್ತೊಂದರಷ್ಟು ಏರುತ್ತದೆಂಬುದು ನೆನಪಿರಲಿ. ಗುಂಯ್ಗುಡುವಿಕೆಯೂ ಕಾಡುತ್ತಿದ್ದರೆ ಜೋಡಿ ಸುರುಳಿಯೇ ಲೇಸು. ಒಂಟಿ ಸುರುಳಿಯ ಕುಳಿಯಲ್ಲಿ ಹಿಡಿಸುವ ಅಳತೆಯಲ್ಲಿಯೂ ಅವು ದೊರೆಯುವುದರಿಂದ ಮರವನ್ನು ಕೊರೆಯಬೇಕಾಗಿಲ್ಲ. ಒಮ್ಮೆ ಕೊರೆದ ಮರ ಮತ್ತೆ ಕೂಡದು.

ಮೂರು ಪಿಕ್‌ಅಪ್ಪುಗಳಲ್ಲಿ ಒಂದನ್ನು ಮಾತ್ರ ಬದಲಾಯಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹೊಸದರ ಸುತ್ತುಗಳ ದಿಕ್ಕಾಗಲಿ ಧ್ರುವವಾಗಲಿ ಹಳೆಯದಕ್ಕೆ ವಿರುದ್ಧವಾಗಿದ್ದರೆ, ಎರಡನ್ನೂ ಕೂಡಿಸಿ ನುಡಿಸಿದಾಗ ಮೂಲಸ್ವರಗಳೇ ಪರಸ್ಪರ ಅಳಿದು ನಾದ ಬಡಕಲಾಗುತ್ತದೆ. ಪಿಕ್‌ಅಪ್ ಕೆಟ್ಟದೆಂದು ಹಿಂದಿರುಗಿಸುವ ಮೊದಲು, ಅದರ ಸುರುಳಿಯ ಎರಡು ಕೊನೆಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿ ನೋಡಬೇಕು. ಅನೇಕ ವೇಳೆ ಅಷ್ಟರಿಂದಲೇ ಮರೆಯಾಗಿದ್ದ ಮಂದ್ರ ಮರಳಿ ಬರುತ್ತದೆ.