ನಮ್ಮ ಹುರಿಹಿಟ್ಟು, ಅವರ ತ್ಸಂಪಾ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಈಗಿನ ಕಾಲದಲ್ಲಿ ದೇಶ ಸುತ್ತುವವರು ಮೊದಲು ಸುತ್ತುವುದು ತಿಂಡಿ ಅಂಗಡಿಗಳನ್ನು. ಪಣಕಹಳ್ಳಿಯ ಹುಡುಗನೊಬ್ಬ ಮೊನ್ನೆ ತನ್ನ ಮೊಬೈಲ್ ಚಾಚಿ ತೈವಾನ್ ದೇಶದ ರಾತ್ರಿ ಸಂತೆಯನ್ನು ತೋರಿಸಿದ. ಬೀದಿಯ ಎರಡೂ ಕಡೆ ಹಬೆಯಾಡುವ ಪಾತ್ರೆಗಳು, ಅನಾನಸ್ ಪಾಕ ತುಂಬಿದ ಪುಟ್ಟ ಪುಟ್ಟ ಕೇಕುಗಳು, ಗೆಣಸಿನ ಹಿಟ್ಟಿನ ಬಿಸಿ ಉಂಡೆಗಳು. "ಸಾಮಿ, ಒಂದ್ಸಲ ಇಲ್ಗೆ ಹೋಗ್ಬೇಕು" ಎಂದ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಿ ಬರುವುದೇ ನಮಗೆ ಒಂದು ದಿನದ ಕೆಲಸ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಹತ್ತುವಷ್ಟರಲ್ಲಿ ತಿಂದದ್ದೆಲ್ಲ ಮರೆತುಹೋಗಿರುತ್ತದೆ. ತೈವಾನಿನ ಮಾತು ಹಾಗಿರಲಿ ಎಂದು ನಕ್ಕು ಸುಮ್ಮನಾದೆವು.

ಆದರೆ ಒಂದು ಪರದೇಶ ನಮ್ಮ ಬೆಟ್ಟದ ಆಚೆ ಮಗ್ಗುಲಲ್ಲೇ ಇದೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ ಟಿಬೆಟ್ ನಿರಾಶ್ರಿತರ ನೆಲೆ ಇದೆ. ಅದಕ್ಕೆ ಅವರು ಇಟ್ಟುಕೊಂಡ ಹೆಸರು ಧೊಂಡೆನ್‌ಲಿಂಗ್. ಅಲ್ಲಿಗೆ ನಾವು ಹದಿಮೂರು ಜನ ಒಂದು ವ್ಯಾನು ಮಾಡಿಕೊಂಡು ಹೋಗಿ ಬಂದೆವು. ಮೋಜಿಗೆ ಹೋದೆವೆಂದು ಯಾರೂ ಭಾವಿಸಬಾರದು. ಕಾರಣ ಬೇರೆ ಇತ್ತು.

ಪಣಕಹಳ್ಳಿಯ ಮಹಿಳಾ ಸಂಘದವರು ಕೆಲವು ವರ್ಷಗಳಿಂದ ರಾಗಿ ಹುರಿಹಿಟ್ಟು ಮಾಡಿ ಮಾರುತ್ತಿದ್ದಾರೆ. ಸಾಲ ಮಾಡಿ ಬೀಸುವ ಯಂತ್ರವನ್ನೂ ತಂದಿದ್ದರು. ಮೊದಮೊದಲು ಬಾಣಂತಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಎಂದು ಜನ ಕೇಳಿ ಕೊಂಡರು. 2023ನೆಯ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪೇಟೆಯ ಕಡೆಯಿಂದಲೂ ಕೇಳಿಕೆ ಬಂತು. ಆಮೇಲೆ ಸಂತೆಗೆ ಹೋದ ಪೊಟ್ಟಣಗಳು ಹಾಗೆಯೇ ಮರಳತೊಡಗಿದವು. ನಮ್ಮ ಮನೆಗಳಲ್ಲೇ ಮಕ್ಕಳು ಅದನ್ನು ಮುಟ್ಟುವುದಿಲ್ಲ. ಅವರಿಗೆ ಬೇಕಾದದ್ದು ಬೇಕರಿಯ ಕ್ರೀಮ್ ಬನ್ನು, ಹತ್ತು ರೂಪಾಯಿಯ ಚಿಪ್ಸ್. "ಹುರಿಟ್ಟು ಅಂದ್ರೆ ಮುದುಕ್ರು ತಿನ್ನೋದು" ಎಂದು ಒಂಬತ್ತನೆಯ ತರಗತಿಯ ಹುಡುಗಿ ತನ್ನ ಅಜ್ಜಿಯ ಎದುರಿಗೇ ಹೇಳಿದಳು. ಯಂತ್ರವನ್ನು ಮಾರಿ ಸಾಲ ತೀರಿಸಿಬಿಡೋಣ ಎಂಬ ಮಾತು ಸಂಘದ ಸಭೆಯಲ್ಲಿ ಎದ್ದಿತು. ಅದೇ ಸಭೆಯಲ್ಲಿ ಯಾರೋ, "ಒಡೆಯರಪಾಳ್ಯದ ಟಿಬೆಟಿನವರು ದಿನಾ ಹುರಿಟ್ಟೇ ತಿಂತಾರಂತೆ" ಎಂದರು. ಊರೆಲ್ಲ ದೊಡ್ಡವ್ವ ಎಂದು ಕರೆಯುವ ಹಿರಿಯಾಕೆ, "ಹಂಗಾದ್ರೆ ಮಾರೋಕ್ ಮುಂಚೆ ಒಂದ್ಸಲ ನೋಡ್ಕಂಡೇ ಬರಾನ" ಎಂದರು. ಪ್ರಯಾಣ ನಿಶ್ಚಯವಾದದ್ದು ಹೀಗೆ.

ಹೊರಟದ್ದು ಶುಕ್ರವಾರ, ಅದೂ ತಪಸ್ಸು ಕಾಲದಲ್ಲಿ. ತಪ್ಪು ನಮ್ಮದೇ. ವ್ಯಾನು ಅಂದು ಮಾತ್ರ ಸಿಗುತ್ತಿತ್ತು. ತಪಸ್ಸು ಕಾಲದಲ್ಲಿ ತಿಂಡಿ ಹುಡುಕಿಕೊಂಡು ಹೊರಟ ಗುರುಗಳನ್ನು ಕಂಡು ಊರಿನವರು ಏನೆಂದುಕೊಂಡರೋ ದೇವರೇ ಬಲ್ಲ.

ತಾಳವಾಡಿಯಲ್ಲಿ ಚಹಾ ಕುಡಿದು, ಬಾಣಲೆಯಿಂದ ಆಗತಾನೇ ಎತ್ತಿದ ಬೋಂಡವನ್ನು ಕಾಗದದಲ್ಲಿ ಒತ್ತಿ ಎಣ್ಣೆ ತೆಗೆದು ತಿಂದೆವು. ಅಲ್ಲಿಂದ ಹಾಸನೂರು. ಈ ಹೆದ್ದಾರಿಯಲ್ಲಿ ಸಿಹಿ ತಿನ್ನುವವರು ಮನುಷ್ಯರಷ್ಟೇ ಅಲ್ಲ. ಕಬ್ಬು ತುಂಬಿದ ಲಾರಿಗಳನ್ನು ಆನೆಗಳು ಅಡ್ಡಗಟ್ಟಿ, ಸೊಂಡಿಲಿನಿಂದ ಕಬ್ಬನ್ನು ಎಳೆದುಕೊಂಡು ತಿನ್ನುವುದನ್ನು ಇತ್ತ ಓಡಾಡುವ ಎಲ್ಲರೂ ಕಂಡಿದ್ದಾರೆ. ಸುಂಕ ಕೊಡದೆ ಲಾರಿ ಮುಂದೆ ಹೋಗುವ ಹಾಗಿಲ್ಲ. ಹಾಸನೂರಿನಿಂದ ಗೇರ್ಮಾಳಂ ಕಡೆಯ ಕಾಡು ರಸ್ತೆ ಹಿಡಿದೆವು. ಒಂದು ಕಾಲದಲ್ಲಿ ವೀರಪ್ಪನ್ ಭಯಕ್ಕೆ ಸಂಜೆಯಾದರೆ ಈ ದಾರಿಯಲ್ಲಿ ನರಪಿಳ್ಳೆ ಸುಳಿಯುತ್ತಿರಲಿಲ್ಲ. 2000ನೆಯ ಇಸವಿಯ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ನಮ್ಮ ಪಕ್ಕದ ಗಾಜನೂರಿನ ಮನೆಯಿಂದಲೇ ಅವನು ಕರೆದೊಯ್ದದ್ದು. ಈಗ ಅಲ್ಲಿ ಭಯವೆಂದರೆ ಆನೆಗಳದ್ದೇ. ಅವು ಪಾಪ, ತಮ್ಮ ಮನೆಯಲ್ಲಿ ತಾವು ಇವೆ.

ಕಾಡು ದಾಟಿ ಇಳಿಯುತ್ತಿದ್ದಂತೆ ನೋಟವೇ ಬೇರೆಯಾಯಿತು. ಮರದಿಂದ ಮರಕ್ಕೆ ಕಟ್ಟಿದ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು, ಕೊಯ್ಲು ಮುಗಿದ ಜೋಳದ ಹೊಲಗಳು, ನೀಟಾದ ಸಣ್ಣ ಮನೆಗಳು. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ಸಾವಿರಾರು ಜನರಿಗೆ ನೆಲ ಕೊಟ್ಟ ರಾಜ್ಯಗಳಲ್ಲಿ ಮೈಸೂರು ರಾಜ್ಯ ಮುಖ್ಯವಾದುದು. ಬೈಲಕುಪ್ಪೆ ಮೊದಲು, ಆಮೇಲೆ ಮುಂಡಗೋಡು, ಹುಣಸೂರು. 1970ರ ದಶಕದ ಮೊದಲರ್ಧದಲ್ಲಿ ಈ ಒಡೆಯರಪಾಳ್ಯ. ಹಿಮದ ನಾಡಿನಿಂದ ಬಂದವರು ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ಚಳಿಗಾಲದಲ್ಲಿ ಸ್ವೆಟರ್ ಗಂಟು ಹೊತ್ತು ಪಟ್ಟಣಗಳಿಗೆ ಹೋಗುವವರು ಇವರೇ.

ಹೋದವರು ಮೊದಲು ಹೊಕ್ಕದ್ದು ಒಂದು ಸಣ್ಣ ಹೋಟೆಲನ್ನು. ಒಡತಿ ನಡುವಯಸ್ಸಿನ ತಾಯಿ. ಅಂಥವರನ್ನು ‘ಅಮಾಲಾ’ ಎಂದು ಕರೆಯಬೇಕಂತೆ, ನಮ್ಮ ಅಮ್ಮನ ಹಾಗೆಯೇ. ಮಾಂಸ ತುಂಬಿ ಕರಿದ ರೊಟ್ಟಿ ‘ಶಬಾಲೆ’ಯ ವಾಸನೆ ಅಡಿಗೆಮನೆಯಿಂದ ಬಂದಾಗ ಹುಡುಗರು ನಮ್ಮ ಮುಖ ನೋಡಿದರು. ಶುಕ್ರವಾರ ಎಂದೆವು. ಎಲೆಕೋಸು, ಈರುಳ್ಳಿ, ಪನೀರು ತುಂಬಿದ ಮೊಮೊ ತರಿಸಿದೆವು. ಮೈದಾ ಹಿಟ್ಟಿನ ತೆಳು ಹಾಳೆಯೊಳಗೆ ಪಲ್ಯವಿಟ್ಟು, ಅಂಚನ್ನು ನೆರಿಗೆ ಹಿಡಿದು ಮುಚ್ಚಿ, ಅಂತಸ್ತಿನ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿದ್ದು. ಜೊತೆಗೆ ಕೆಂಪು ಮೆಣಸಿನ ಚಟ್ನಿ. "ಇದ್ ನಮ್ ಕಡುಬೇ ಕಣ್ರವ್ವ, ಬೆಲ್ಲ ಹಾಕದ್ ಮರ್ತವ್ರೆ" ಎಂದು ದೊಡ್ಡವ್ವ ತೀರ್ಪು ಕೊಟ್ಟರು. ಸುಳ್ಳಲ್ಲ. ಹಿಟ್ಟಿನೊಳಗೆ ಹೂರಣ ಮುಚ್ಚಿ ಬೇಯಿಸುವ ಬುದ್ಧಿ ಲೋಕದಲ್ಲೆಲ್ಲ ಇದೆ. ಚೀನಾದ ಜಿಯಾವ್‌ಜಿ, ಜಪಾನಿನ ಗ್ಯೋಜಾ, ಪೋಲೆಂಡಿನ ಪಿಯೆರೋಗಿ, ಇಟಲಿಯ ರಾವಿಯೋಲಿ. ಕೇರಳದ ಸಿರಿಯನ್ ಕ್ರೈಸ್ತರು ಗರಿಗಳ ಭಾನುವಾರದ ಹಿಂದಿನ ಶನಿವಾರ ತೆಂಗಿನಕಾಯಿ ಬೆಲ್ಲ ತುಂಬಿದ ಕೊಳುಕ್ಕಟ್ಟೆ ಮಾಡುತ್ತಾರೆ. ಆ ಶನಿವಾರಕ್ಕೆ ಕೊಳುಕ್ಕಟ್ಟೆ ಶನಿವಾರ ಎಂದೇ ಹೆಸರು.

ಹುಡುಗರು ತಟ್ಟೆಯ ಮೇಲೆ ತಟ್ಟೆ ತರಿಸಿದರು. ‘ಲಾಫಿಂಗ್’ ಎಂಬುದನ್ನೂ ತರಿಸಿದರು. ಹೆಸರುಕಾಳಿನ ಪಿಷ್ಟವನ್ನು ಕಾಯಿಸಿ, ಆರಿಸಿ, ತಣ್ಣಗೆ ಕತ್ತರಿಸಿ, ಬೆಳ್ಳುಳ್ಳಿ, ಮೆಣಸು, ಹುಳಿ ಹಾಕಿದ್ದು. ಬಾಯಲ್ಲಿಟ್ಟರೆ ಜಾರುತ್ತದೆ, ಅಗಿಯಲು ಸಿಗುವುದಿಲ್ಲ, ಅಷ್ಟರಲ್ಲಿ ಖಾರ ನೆತ್ತಿಗೇರುತ್ತದೆ. ನಮಗೆ ಅದು ಹಿಡಿಸಲಿಲ್ಲ. ಹೇಳಿದರೆ ಹುಡುಗರಿಗೆ ಬೇಸರವಾದೀತೆಂದು ಆಗ ಹೇಳಲಿಲ್ಲ, ಈಗ ಬರೆಯುತ್ತಿದ್ದೇವೆ.

ಹುರಿಹಿಟ್ಟಿನ ವಿಷಯ ಕೇಳಿದೊಡನೆ ಅಮಾಲಾ ನಮ್ಮನ್ನು ಪಕ್ಕದ ಓಣಿಯ ಒಬ್ಬ ಅಜ್ಜಿಯ ಮನೆಗೆ ಕಳಿಸಿದರು. ಅಜ್ಜಿಗೆ ಟಿಬೆಟ್ ಭಾಷೆಯಲ್ಲಿ ‘ಮೊಮೊಲಾ’. "ತಿಂದದ್ದೂ ಮೊಮೊ, ಅಜ್ಜಿಯೂ ಮೊಮೊನಾ?" ಎಂದು ಹುಡುಗರು ನಗುವುದನ್ನು ತಡೆಯಲಾಗಲಿಲ್ಲ. ಆ ಅಜ್ಜಿ ಕೇಳಿಸಿಕೊಂಡು ತಾವೂ ನಕ್ಕರು. ಅವರಿಗೆ ಕನ್ನಡ ಬರುತ್ತದೆ, ಅಚ್ಚ ಕೊಳ್ಳೇಗಾಲದ ಕನ್ನಡ. ನಾವು ಬೆರಗಾದೆವು. "ಐವತ್ ವರ್ಸ ಇಲ್ಲೇ ಹೊಲ ಮಾಡಿವ್ನಿ, ಬರ್ದೆ ಇರ್ತದಾ?" ಎಂದರು.

ಹೊಸ ವರ್ಷದ ಹಬ್ಬ ಲೋಸರ್ ಮುಗಿದು ಕೆಲವೇ ವಾರಗಳಾಗಿದ್ದವು. ಡಬ್ಬದಲ್ಲಿ ಉಳಿದಿದ್ದ ‘ಖಾಪ್ಸೆ’ಯನ್ನು ತಂದಿಟ್ಟರು. ಮೈದಾ, ಬೆಣ್ಣೆ, ಸಕ್ಕರೆ ನಾದಿ, ರಿಬ್ಬನ್ನಿನಂತೆ, ಕಿವಿಯಂತೆ ತಿರುಚಿ ಎಣ್ಣೆಯಲ್ಲಿ ಕರಿದದ್ದು. ನಮ್ಮ ಕ್ರಿಸ್ಮಸ್ಸಿಗೆ ಮಾಡುವ ಕಲ್‌ಕಲ್ ಮತ್ತು ಶಂಕರಪೋಳಿಯ ದೊಡ್ಡಣ್ಣ ಎನ್ನಬಹುದು. ಗಟ್ಟಿ ಇತ್ತು, ಹಲ್ಲಿಲ್ಲದವರು ಚಹಾದಲ್ಲಿ ಅದ್ದಿ ತಿನ್ನಬೇಕು.

ಆ ಚಹಾ ಬಂತು ನೋಡಿ! ಸಕ್ಕರೆಯಿಲ್ಲ, ಉಪ್ಪು. ಹಾಲಿಗಿಂತ ಬೆಣ್ಣೆ ಮುಂದು. ಚಹಾ ಎಲೆಯನ್ನು ಬಹಳ ಹೊತ್ತು ಕುದಿಸಿ, ಉಪ್ಪು ಬೆಣ್ಣೆ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಮಜ್ಜಿಗೆ ಕಡೆದಂತೆ ಕಡೆಯುವುದು ಪದ್ಧತಿ. ಅಜ್ಜಿ ಈಗ ಮಿಕ್ಸಿಗೆ ಹಾಕುತ್ತಾರೆ. ಅವರ ದೇಶದಲ್ಲಿ ಯಾಕ್ ಜಾತಿಯ ಹೆಣ್ಣು ‘ಡ್ರಿ’ಯ ಹಾಲಿನ ಬೆಣ್ಣೆ, ಇಲ್ಲಿ ಪೇಟೆಯ ಬೆಣ್ಣೆ. ಮರ್ಯಾದೆಗೆಂದು ನಾವು ಲೋಟವನ್ನು ಪೂರ್ತಿ ಕುಡಿದು ಇಟ್ಟೆವು. ಕೂಡಲೇ ತುಂಬಿಸಿದರು. ಕಷ್ಟಪಟ್ಟು ಅದನ್ನೂ ಮುಗಿಸಿದೆವು. ಮತ್ತೆ ತುಂಬಿಸಿದರು. ಅತಿಥಿಯ ಲೋಟ ಬರಿದಾಗಬಾರದು, ಸಾಕಾದರೆ ತುಂಬಿದ್ದನ್ನು ಹಾಗೇ ಬಿಟ್ಟು ಹೊರಡುವಾಗ ಕುಡಿಯಬೇಕು ಎಂಬ ಅವರ ರೀತಿ ನಮಗೆ ಗೊತ್ತಾದದ್ದು ನಾಲ್ಕನೆಯ ಸುತ್ತಿನಲ್ಲಿ.

ಆಮೇಲೆ ಅಜ್ಜಿ ಒಂದು ಬಟ್ಟೆಯ ಚೀಲ ಬಿಚ್ಚಿದರು. ಅದೇ ತ್ಸಂಪಾ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು. ಬಟ್ಟಲಲ್ಲಿ ಒಂದಿಷ್ಟು ಬೆಣ್ಣೆ ಚಹಾ ಉಳಿಸಿ, ಹಿಟ್ಟು ಹಾಕಿ, ಎಡಗೈಯಲ್ಲಿ ಬಟ್ಟಲನ್ನು ತಿರುಗಿಸುತ್ತ ಬಲಗೈ ಬೆರಳುಗಳಲ್ಲಿ ನಾದಿ ಉಂಡೆ ಮಾಡಿ ಕೊಟ್ಟರು. ದೊಡ್ಡವ್ವ ಉಂಡೆಯನ್ನು ಮೂಸಿ ನೋಡಿದರು. ಬಾಯಿಗೆ ಹಾಕಿಕೊಂಡರು. "ಎಂಗ್ ಉರೀತೀಯವ್ವ?" ಎಂದು ಕೇಳಿದರು. ಕಾಳನ್ನು ತುಸು ನೆನೆಸಿ, ಬಾಣಲೆಯಲ್ಲಿ ಮರಳು ಕಾಯಿಸಿ, ಅದರೊಳಗೆ ಹಾಕಿ ಸಿಡಿಸಿ, ಜರಡಿ ಹಿಡಿಯುವುದು ಎಂದು ಅಜ್ಜಿ ಕೈಸನ್ನೆ ಮಾಡಿ ತೋರಿಸಿದರು. ದೊಡ್ಡವ್ವನ ಮುಖ ನೋಡಬೇಕಿತ್ತು. ನಮ್ಮಲ್ಲೂ ಅದೇ ಕ್ರಮ. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಒಂದು ರಾತ್ರಿ ಇಟ್ಟು, ನೆರಳಲ್ಲಿ ಆರಿಸಿ, ಕಾದ ಮರಳಿನಲ್ಲಿ ಅರಳು ಮಾಡಿ, ಜರಡಿ ಹಿಡಿದು ಬೀಸುತ್ತಾರೆ. ಇಬ್ಬರು ಮುದುಕಿಯರು ಮರಳಿನ ವಿಷಯವನ್ನೇ ಅರ್ಧ ಗಂಟೆ ಮಾತಾಡಿದರು. ಯಾವ ಹಳ್ಳದ ಮರಳು ಒಳ್ಳೆಯದು, ಎಷ್ಟು ಸಲ ಬಳಸಬಹುದು ಎಂದು.

ಟಿಬೆಟ್ ನಾಡು ಸರಾಸರಿ 4,000 ಮೀಟರಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು 87 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಕಾಳು ಬೇಗ ಬೇಯುವುದಿಲ್ಲ. ಸೌದೆಯೂ ಕಡಿಮೆ. ಒಮ್ಮೆ ಹುರಿದು ಬೀಸಿಟ್ಟರೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಕುರಿಗಾಹಿ ಚೀಲದಲ್ಲಿ ಕಟ್ಟಿಕೊಂಡು ಹೋಗಬಹುದು. ನಮ್ಮವರು ದನ ಕಾಯಲು, ದೂರದ ಜಾತ್ರೆಗೆ ಹುರಿಹಿಟ್ಟನ್ನು ಬುತ್ತಿ ಕಟ್ಟಿಕೊಂಡು ಹೋದದ್ದೂ ಇದೇ ಕಾರಣಕ್ಕೆ. ಬೆಂಕಿ ಬೇಡ, ನೀರಿದ್ದರೆ ಸಾಕು. ಅದರ ಮೇಲೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಬಾರ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಗುರುವಿದ್ಯಾಮಂದಿರದಲ್ಲಿ ಧರ್ಮಸಭೆಯ ಚರಿತ್ರೆ ಓದುವಾಗ ಕಂಡ ಒಂದು ಹೆಸರು ಅಲ್ಲಿ ನೆನಪಾಯಿತು. ಇಟಲಿಯ ಯೇಸುಸಭೆಯ ಗುರು ಇಪ್ಪೊಲಿತೊ ದೆಸಿದೇರಿ 1716ರಲ್ಲಿ ಲ್ಹಾಸಾ ತಲುಪಿ, ಅವರ ಭಾಷೆ ಕಲಿತು, ಅವರ ಮಠಗಳಲ್ಲಿ ಕುಳಿತು ಅವರ ಗ್ರಂಥಗಳನ್ನು ಓದಿದವರು. 1721ರಲ್ಲಿ ಟಿಬೆಟ್ ಬಿಟ್ಟು ಬಂದ ಮೇಲೆ ಅವರು ಕೆಲಕಾಲ ಸೇವೆ ಮಾಡಿದ್ದು ದಕ್ಷಿಣದ ಕರ್ನಾಟಿಕ್ ಮಿಷನ್ನಿನಲ್ಲಿ. ಅಲ್ಲಿ ತಮಿಳನ್ನೂ ಕಲಿತರು. ತ್ಸಂಪಾ ಮತ್ತು ಇಡ್ಲಿ ಎರಡರ ರುಚಿಯನ್ನೂ ಕಂಡ ಮೊದಲ ಗುರು ಅವರೇ ಇದ್ದರೂ ಇರಬಹುದು ಎಂದು ನಾವು ಅಂದುಕೊಂಡೆವು. ಇದು ಚರಿತ್ರೆಯಲ್ಲ, ನಮ್ಮ ಊಹೆ.

ಅಜ್ಜಿಯ ಇಬ್ಬರು ಮಕ್ಕಳೂ ಈಗ ಹೊರದೇಶದಲ್ಲಿದ್ದಾರೆ. ಓಣಿಯಲ್ಲಿ ಬೀಗ ಹಾಕಿದ ಮನೆಗಳನ್ನು ನಾವು ಬರುವಾಗಲೇ ಕಂಡಿದ್ದೆವು. "ಮೊಮ್ಮಕ್ಳು ಫೋನ್ ಮಾಡ್ತವೆ. ತ್ಸಂಪಾ ಅಂದ್ರೆ ಬ್ಯಾಡ ಅಂತವೆ, ಬ್ರೆಡ್ಡೇ ಬೇಕು" ಎಂದರು. ನಮ್ಮ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಪಣಕಹಳ್ಳಿಯ ಮನೆಗಳ ಗಂಡುಮಕ್ಕಳೂ ತಿರುಪ್ಪೂರು, ಕೊಯಮತ್ತೂರು, ಬೆಂಗಳೂರು ಎಂದು ಹೊರಟಿದ್ದಾರೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. ಕಚೇರಿಯ ಕಾಗದ ತಮಿಳು, ಮನೆಯ ಮಾತು ಕನ್ನಡ. ಇನ್ನೊಬ್ಬರ ಮಾತಿನ ನಡುವೆ ತಮ್ಮ ಮಾತನ್ನೂ ತಿನಿಸನ್ನೂ ಕಾಪಾಡಿಕೊಳ್ಳುವ ಪಾಡು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ಮರಳಿ ಹೋಗಲಾರರು, ನಾವಾದರೋ ನಮ್ಮ ನೆಲದಲ್ಲೇ ಇದ್ದೇವೆ. ಇದು ಸಣ್ಣ ವ್ಯತ್ಯಾಸವಲ್ಲ.

ದೊಡ್ಡವ್ವ ತಂದಿದ್ದ ಪೊಟ್ಟಣವನ್ನು ಬಿಚ್ಚಿ ಅಜ್ಜಿಯ ಬಟ್ಟಲಿಗೆ ಸುರಿದರು. ಅಜ್ಜಿ ನಮ್ಮ ಹುರಿಹಿಟ್ಟನ್ನು ಉಪ್ಪು ಚಹಾದಲ್ಲಿ ಕಲಸಿ ತಿಂದರು. ಬಣ್ಣ ಕಪ್ಪು, ರುಚಿ ಚೆನ್ನಾಗಿದೆ, ಸ್ವಲ್ಪ ಗಂಟಲಿಗೆ ಹಿಡಿಯುತ್ತದೆ, ಇನ್ನೂ ನುಣ್ಣಗೆ ಬೀಸಿ ಎಂದರು. ಬಾರ್ಲಿ ಈ ಮಣ್ಣಲ್ಲಿ ಬೆಳೆಯುವುದಿಲ್ಲ, ದೂರದಿಂದ ತರಿಸಬೇಕು, ರಾಗಿ ಹಿಟ್ಟಾದರೆ ತಮ್ಮ ಓಣಿಯ ಮುದುಕರೂ ಕೊಳ್ಳಬಹುದು ಎಂದೂ ಹೇಳಿದರು. ಅಷ್ಟರಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿ, ಅದೇ ಹುಡುಗಿ, ತ್ಸಂಪಾ ಉಂಡೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಊರಿನ ಹುರಿಹಿಟ್ಟು ಮುದುಕರದ್ದು, ಪರದೇಶದ ಹುರಿಹಿಟ್ಟಿಗೆ ಫೋಟೋ! ಅವಳ ಅಜ್ಜಿ ಮಾತಾಡಲಿಲ್ಲ, ನಾವೂ ಆಡಲಿಲ್ಲ.

ಮರಳುವ ದಾರಿಯಲ್ಲಿ ಮೂರು ತಟ್ಟೆ ಮೊಮೊ ತಿಂದಿದ್ದ ಇಬ್ಬರು ಹುಡುಗರು ಕಾಡಿನ ತಿರುವುಗಳಲ್ಲಿ ಎರಡು ಸಲ ವ್ಯಾನು ನಿಲ್ಲಿಸಿದರು. ಆನೆಯ ದಾರಿ, ಇಳಿಯುವ ಹಾಗಿಲ್ಲ ಎಂದು ಚಾಲಕ ಬೈಯುತ್ತಲೇ ನಿಲ್ಲಿಸಿದ. ಉಪ್ಪು ಚಹಾ ಕುಡಿದ ನಮಗೆ ಏನೂ ಆಗಲಿಲ್ಲ.

ಯಂತ್ರವನ್ನು ಸಂಘದವರು ಸದ್ಯಕ್ಕೆ ಮಾರಿಲ್ಲ. ಸಾಲ ಇನ್ನೂ ಇದೆ, ಕಂತು ಕಟ್ಟುವ ದಿನ ಬಂದಾಗ ಸಭೆಯಲ್ಲಿ ಧ್ವನಿ ಏರುವುದೂ ಇದೆ. ಜರಡಿಯನ್ನು ಬದಲಿಸಿ ಹಿಟ್ಟನ್ನು ನುಣ್ಣಗೆ ಮಾಡಿದ್ದಾರೆ. ಬೆಲ್ಲ, ತುಪ್ಪ, ಏಲಕ್ಕಿ ಹಾಕಿ ಉಂಡೆ ಕಟ್ಟಿ ಶಾಲೆಯ ಮುಂದಿನ ಅಂಗಡಿಯಲ್ಲಿಟ್ಟರೆ ಮಕ್ಕಳು ಐದು ರೂಪಾಯಿಗೆ ಕೊಳ್ಳುತ್ತಿದ್ದಾರೆ, ಚಿಪ್ಸ್ ಕೊಂಡು ಉಳಿದ ದುಡ್ಡಿನಲ್ಲಿ. ಒಡೆಯರಪಾಳ್ಯದ ಓಣಿಗೆ ಎರಡು ಸಲ ಐದೈದು ಕಿಲೋ ಹೋಗಿದೆ. ಎರಡನೆಯ ಸಲ ಖಾಲಿ ಚೀಲ ಮರಳಿ ಬಂದಾಗ ಅದರ ತಳದಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕು ಖಾಪ್ಸೆ ಇದ್ದವು. ದೊಡ್ಡವ್ವ ಒಂದನ್ನು ನಮಗೆ ಕೊಟ್ಟು ಮೂರನ್ನು ಒಳಗಿಟ್ಟುಕೊಂಡರು.